ಸತ್ಯಾಂಶ: ತುಂಡು ಪದ ಬರೆದರೆ ಸೋಮಾರಿತನವೇ?

"ಫೋನೇ ಪೂರ್ತಿ ಪದ ತೋರಿಸುತ್ತೆ. ಆದರೂ ಮಕ್ಕಳು ತುಂಡು ಪದ ಬರೆದು ಭಾಷೆ ಕೆಡಿಸುತ್ತಿದ್ದಾರೆ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ಸರಿಯಲ್ಲ.

'ಓ ಮೈ ಗಾಡ್' ಅನ್ನೋದರ ತುಂಡು ರೂಪ 'ಓಎಂಜಿ' ಮೊಬೈಲಿನ ಕೂಸಲ್ಲ. ಬ್ರಿಟನ್ನಿನ ಅಡ್ಮಿರಲ್ ಫಿಶರ್ 1917ರಲ್ಲೇ ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಅದಿದೆ. ಆಗ ಅವರಿಗೆ 76 ವರ್ಷ!

ಒಂದು ಎಸ್‌ಎಂಎಸ್‌ಗೆ ಇಂಗ್ಲಿಷಿನಲ್ಲಿ 160 ಅಕ್ಷರಗಳ ಮಿತಿಯಿತ್ತು, ಅಭ್ಯಾಸ ಬೆಳೆದದ್ದು ಅಲ್ಲಿ. ಈಗಲೂ ಫೋನ್ ತೋರಿಸಿದ ಪದಗಳನ್ನು ನೋಡಿ, ಬೇಕಾದ್ದನ್ನು ಆರಿಸಿ ಒತ್ತಬೇಕು. 'ಓಕೆ' ಬದಲು 'ಕೆ' ಅನ್ನೋಕೆ ಒಂದೇ ಒತ್ತು ಸಾಕು. ಇಂಗ್ಲಿಷ್ ಕೀಬೋರ್ಡಿನಲ್ಲಿ 'ಊಟ ಆಯ್ತಾ' ಎಂದು ಬರೆದರಂತೂ ಫೋನ್ ಸುಮ್ನೆ ತಿದ್ದೋಕೆ ಬರುತ್ತೆ. ಗೆಳೆಯರ ನಡುವೆ ತುಂಡು ಪದದಲ್ಲಿ ಸಲುಗೆಯೂ ಇದೆ ಅಲ್ವಾ?

ಬ್ರಿಟನ್ನಿನ 10ರಿಂದ 12 ವರ್ಷದ ಮಕ್ಕಳ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಪದ ಜಾಸ್ತಿ ಬಳಸಿದವರು ಓದಿನಲ್ಲಿ ಹಿಂದೆ ಬಿದ್ದಿರಲಿಲ್ಲ, ಮುಂದಿದ್ದರು.