ರೆಸ್ಟ್ ಮಾಡಿ ಅಂದವರಿಗೆಲ್ಲ

ಜುಲೈ ಎರಡನೇ ವಾರ. ಕೊಡಗಿನ ಮೂರ್ನಾಡಿನ ಕಡೆ ಆಗ ಮಳೆ ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಕಾಫಿ ಕಣದ ಅಂಚಿಗೆ ಪಾಚಿ ಕಟ್ಟಿತ್ತು. ಕೋಳಿಗೂಡಿನ ಬಾಗಿಲು ಹಾಕಲು ಓಡಿದವಳು ಜಾರಿ ಮಂಡಿ ಊರಿ ಬಿದ್ದೆ. ಮಂಡಿಚಿಪ್ಪು ಎರಡು ಹೋಳು. ಅದೇ ರಾತ್ರಿ ಜೀಪಿನ ಹಿಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ. ಮಾರನೇ ದಿನ ಆಪರೇಷನ್. ಎರಡು ಪಿನ್ನು, ಎಂಟರ ಆಕಾರದಲ್ಲಿ ಸುತ್ತಿದ ತಂತಿ.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಆಯಿತು. ಹಾಳು ಮಾಡಿಕೊಂಡಿದ್ದು ಮನೆಗೆ ಬಂದ ಮೇಲೆ. ಅದೂ ನಾನೇ.

ನೋಡಲು ಬಂದವರು ಬ್ರೆಡ್ಡು, ಸೇಬಿನ ಜೊತೆ ಒಂದೇ ಮಾತು ತಂದರು. "ಎದ್ದೇಳಬೇಡಿ, ರೆಸ್ಟ್ ಮಾಡಿ." ಅತ್ತೆಗಂತೂ ನಾನು ಕಾಲು ಅಲ್ಲಾಡಿಸಿದರೆ ತಂತಿ ಕಿತ್ತುಬರುತ್ತೆ ಅಂತ ಭಯ. ಆಗಸ್ಟ್ 3, ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ಪಾಯಸ ಮಂಚಕ್ಕೇ ಬಂತು. ಅವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಇರುತ್ತೆ ಅಂತಾರೆ. ಮಂಡಿ ಮಡಚುವ ಮದ್ದು ಮಾತ್ರ ಇರಲಿಲ್ಲ. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ವ್ಯಾಯಾಮ ಶುರುಮಾಡಿ ಅಂತ ಒಂದು ಸಾಲು ಇತ್ತು. ಮಾತ್ರೆಯ ಸಾಲುಗಳನ್ನು ಎರಡೆರಡು ಸಲ ಓದಿದ್ದೆ. ಇದನ್ನು ಓದಿದ ನೆನಪೂ ಇಲ್ಲ.

ಆರು ವಾರ ಆದ ಮೇಲೆ ನೋಡಿದರೆ ಮಂಡಿ ಮರದ ತುಂಡು. ತೊಡೆ ಜೋತುಬಿದ್ದ ಖಾಲಿ ಚೀಲ. ಮಡಿಕೇರಿಯ ಫಿಸಿಯೋಥೆರಪಿಸ್ಟ್, ನನ್ನ ಮಗಳ ವಯಸ್ಸಿನವರು, ಟೇಪು ಹಿಡಿದು ಎರಡೂ ತೊಡೆ ಅಳೆದರು. ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಆಮೇಲೆ ಗೋನಿಯೋಮೀಟರ್ ಅನ್ನುವ ಎರಡು ಕಡ್ಡಿಯ ಕೋನಮಾಪಕ ತೆಗೆದರು. (ಹೆಸರು ಕೇಳಿದಾಗ ನನಗೆ ನೆನಪಾಗಿದ್ದು ಕಾಫಿ ಗೋಣಿ.) ಮಂಡಿ 35 ಡಿಗ್ರಿ ಮಡಚುತ್ತಿತ್ತು. ಕುರ್ಚಿಯಿಂದ ಸಲೀಸಾಗಿ ಎದ್ದೇಳೋಕೆ 90ರ ಆಸುಪಾಸು ಬೇಕು. ಕುಕ್ಕರಗಾಲಲ್ಲಿ ಕೂರೋಕೆ ಅದಕ್ಕಿಂತ ತುಂಬಾ ಜಾಸ್ತಿ.

"ಮೇಡಂ, ಈ ತಂತಿ ಹಾಕೋದೇ ಬೇಗ ಮಡಚಲಿ ಅಂತ," ಅಂದರು ಆ ಹುಡುಗಿ. ಮಂಡಿ ಮಡಚಿದಾಗ ತೊಡೆಯ ಸ್ನಾಯು ಚಿಪ್ಪನ್ನು ಮೇಲಕ್ಕೆ ಎಳೆಯುತ್ತೆ. ತಂತಿ ಆ ಎಳೆತವನ್ನೇ ತಿರುಗಿಸಿ ಎರಡು ಹೋಳುಗಳನ್ನು ಒಂದಕ್ಕೊಂದು ಒತ್ತುವ ಹಾಗೆ ಮಾಡುತ್ತೆ. ಅಂದರೆ ದುಡ್ಡು ಕೊಟ್ಟು ಹಾಕಿಸಿಕೊಂಡ ವ್ಯವಸ್ಥೆಯನ್ನು ನಾನು ಆರು ವಾರ ಮಲಗಿಸಿಟ್ಟಿದ್ದೆ. ಸೊಂಟ ಮುರಿದ ಅಜ್ಜಿಯಂದಿರನ್ನೇ ಈಗ ಆಪರೇಷನ್ ಆದ ಮಾರನೇ ದಿನ ಎಬ್ಬಿಸಿ ನಿಲ್ಲಿಸುತ್ತಾರೆ. ಐವತ್ತೆರಡರ ನಾನು ಪಾಯಸ ತಿನ್ನುತ್ತಾ ಬಿದ್ದುಕೊಂಡಿದ್ದೆ.

ಎಲ್ಲರಿಗೂ ಎಲ್ಲ ಕಾಲದಲ್ಲೂ ರೆಸ್ಟ್ ಬೇಡ ಅಂತಲ್ಲ. ಕೆಲವು ಮುರಿತಕ್ಕೆ ವಾರಗಟ್ಟಲೆ ಭಾರ ಹಾಕಬಾರದು, ಅದನ್ನು ಡಾಕ್ಟರೇ ಹೇಳಬೇಕು. ಆದರೆ ಅಲ್ಲಿ ಕೂಡ ಪಾದ ಮೇಲೆ ಕೆಳಗೆ ಆಡಿಸೋದು, ತೊಡೆ ಬಿಗಿ ಮಾಡಿ ಬಿಡೋದು ಸಾಮಾನ್ಯವಾಗಿ ಇರುತ್ತೆ. ಸುಮ್ನೆ ಬಿದ್ದಿರೋದು ಬಹಳ ಕಡಿಮೆ ಜನಕ್ಕೆ ಬೇಕಾದ ಔಷಧಿ. ನಮ್ಮಲ್ಲಿ ಅದು ಪ್ರೀತಿ ತೋರಿಸುವ ರೀತಿಯಾಗಿಬಿಟ್ಟಿದೆ. ನಮ್ಮ ನೆಂಟರಲ್ಲಿ ಒಬ್ಬರಿಗೆ ಸ್ಟ್ರೋಕ್ ಆಗಿ ಬಲಗೈ ಹೋಯಿತು. ಮನೆಯವರು ಅನ್ನ ಕಲಸಿ ತಿನ್ನಿಸಿದರು, ಅಂಗಿ ಗುಂಡಿ ಹಾಕಿದರು, ಒಂದು ಲೋಟವನ್ನೂ ಎತ್ತಲು ಬಿಡಲಿಲ್ಲ. ಸ್ಟ್ರೋಕ್ ಆದ ಮೇಲಿನ ಮೊದಲ ಕೆಲವು ತಿಂಗಳು ಮೆದುಳು ಹೊಸ ದಾರಿ ಹುಡುಕಿಕೊಳ್ಳುವ ಕಾಲ. ಗುಂಡಿ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ಹಿಡಿದರೂ ಅವರೇ ಹಾಕಿಕೊಳ್ಳಬೇಕು. ಅದನ್ನು ನೋಡುತ್ತಾ ಕೈಕಟ್ಟಿ ಕೂರೋದು ಮನೆಯವರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ.

ಎಣ್ಣೆ ತಿಕ್ಕುವವರ ವಿಳಾಸ ಕೊಟ್ಟವರೂ ಬಹಳ ಜನ. ತಿಕ್ಕಿಸಿಕೊಳ್ಳೋದು ಹಿತ, ಇಲ್ಲ ಅನ್ನಲ್ಲ. ಆದರೆ ಬೇರೆಯವರು ತಿಕ್ಕಿದರೆ ನಮ್ಮ ಸ್ನಾಯುವಿಗೆ ಬಲ ಬರಲ್ಲ, ಅದು ನಾವೇ ಎತ್ತಿ ಇಳಿಸಿದರೆ ಬರೋದು. ಬಲವಂತವಾಗಿ ಮಂಡಿ ಅದುಮಿ ಮಡಚಿಸುವವರ ಹತ್ತಿರವಂತೂ ಹೋಗಬೇಡಿ.

ನಾನು ಮಾಡಿದ್ದು ಇಷ್ಟು. ಕಾವಿ ನೆಲದ ಮೇಲೆ ಕಾಲು ನೀಡಿ ಕೂತು, ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು, ಹಿಮ್ಮಡಿಯನ್ನು ಸರ್ರನೆ ನನ್ನ ಕಡೆ ಎಳೆದುಕೊಳ್ಳೋದು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಹತ್ತು ಎಣಿಸುವ ತನಕ ಕೆಳಗೆ ಒತ್ತೋದು. ಮೊದಲ ದಿನ ಒತ್ತಿದೆ ಅಂದುಕೊಂಡೆ, ತೊಡೆಯಲ್ಲಿ ಏನೂ ಆಗಲಿಲ್ಲ. ಸ್ನಾಯುವಿಗೆ ನನ್ನ ಮಾತೇ ಕೇಳಿಸುತ್ತಿಲ್ಲವೇನೋ ಅನ್ನುವ ಹಾಗೆ. ಹತ್ತನೇ ದಿನಕ್ಕೆ ಚರ್ಮದಡಿ ಒಂದು ಸಣ್ಣ ನಡುಕ ಕಾಣಿಸಿತು. ಆಮೇಲೆ ಒಂದು ಕೇಜಿ ಉಪ್ಪಿನ ಪ್ಯಾಕೆಟನ್ನು ಟವೆಲಿನಲ್ಲಿ ಕಟ್ಟಿ ಕಣಕಾಲಿಗೆ ಬಿಗಿದು ಎತ್ತಿದೆ. ನೋವಿಗೂ ಒಂದು ಲೆಕ್ಕ ಹೇಳಿಕೊಟ್ಟರು. ಮಾಡುವಾಗ ನೊಂದು ಬೆಳಗಾಗುವಷ್ಟರಲ್ಲಿ ಇಳಿದರೆ ಪರವಾಗಿಲ್ಲ, ಬೆಳಗ್ಗೆ ಮಂಡಿ ಊದಿಕೊಂಡಿದ್ದರೆ ನಿನ್ನೆ ಜಾಸ್ತಿ ಆಯಿತು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಗಟ್ಟಿ ಕಾಲಿನ ಕಡೆಯ ಕೈಯಲ್ಲಿ. ದಾರಿಯಲ್ಲಿ ಸಿಕ್ಕವರೆಲ್ಲ "ಕೋಲು ಆ ಕೈಲಿ ಹಿಡೀಬೇಕು ಅಲ್ವಾ" ಅಂತ ತಿದ್ದಿದರು. ನಾನು ತಿದ್ದಿಕೊಳ್ಳಲಿಲ್ಲ.

ಪಕ್ಕದ ಮನೆಯ ನಿವೃತ್ತ ಸುಬೇದಾರರು ಮಾತ್ರ ರೆಸ್ಟ್ ಮಾಡಿ ಅನ್ನದ ಒಬ್ಬರೇ ಒಬ್ಬರು. ಬಂದಾಗೆಲ್ಲ "ಇವತ್ತು ಎಷ್ಟು ಡಿಗ್ರಿ?" ಮುರಳೀಕಾಂತ್ ಪೇಟ್ಕರ್ ಕಥೆ ಹೇಳಿದ್ದೂ ಅವರೇ. 1965ರ ಯುದ್ಧದಲ್ಲಿ ಗುಂಡು ತಿಂದ ಸೈನಿಕ, ಚೇತರಿಕೆಗೆ ಅಂತ ನೀರಿಗಿಳಿದು, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಪುಣೆಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರ 1944ರಿಂದ ಇದೆ. ಗಾಯವಾದವನನ್ನು ಬರೀ ಬದುಕಿಸಿದರೆ ಸಾಲದು, ಎಬ್ಬಿಸಿ ನಡೆಸಬೇಕು ಅನ್ನೋದು ಸೇನೆಗೆ ಗೊತ್ತಿದೆ. ಇಷ್ಟೊಂದು ಸೈನಿಕರಿರುವ ನಮ್ಮ ಜಿಲ್ಲೆಯ ಮನೆಗಳಿಗೆ ಆ ಬುದ್ಧಿ ಯಾಕೆ ಬರಲಿಲ್ಲವೋ.

ದೂರದ್ದೂ ಒಂದು ತೊಂದರೆ. ಊರಿಂದ ಮಡಿಕೇರಿಗೆ ಹೋಗಿ ಬರೋಕೆ ಅರ್ಧ ದಿನ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ಮಂಡಿ ಹೋದವರನ್ನು ಕೇಳಿ. ಆಪರೇಷನ್ನಿಗೆ ಕಾರ್ಡು, ಇನ್ಶೂರೆನ್ಸು, ಸಾಲ, ಏನಾದರೊಂದು ಆಗುತ್ತೆ. ವಾರಕ್ಕೆ ಮೂರು ಸಲ ಆಟೋ ಮಾಡಿಕೊಂಡು ಹೋಗಿ ಕಾಲು ಎತ್ತಿ ಇಳಿಸಿ ಬರೋದು ಯಾರ ಲೆಕ್ಕದಲ್ಲೂ ಚಿಕಿತ್ಸೆ ಅಲ್ಲ.

ಇದನ್ನು ಹೇಳುವಾಗ ನನಗೆ ನಾಚಿಕೆಯೂ ಇದೆ. ಎರಡು ವರ್ಷದ ಹಿಂದೆ ನಮ್ಮ ತೋಟದಲ್ಲೇ ಮೆಣಸು ಕೊಯ್ಯುವಾಗ ಏಣಿ ಜಾರಿ ಕೆಲಸದವರೊಬ್ಬರು ಬಳ್ಳಿ ಹಬ್ಬಿದ ಸಿಲ್ವರ್ ಮರದಿಂದ ಬಿದ್ದರು. ಎತ್ತರದಿಂದ ಕಾಲೂರಿ ಬಿದ್ದವರಿಗೆ ಆಗುವ ಹಾಗೆ ಹಿಮ್ಮಡಿ ಮೂಳೆಯೇ ಪುಡಿ. ಆಪರೇಷನ್ನಿನ ಖರ್ಚು ಪೂರ್ತಿ ನಾವೇ ಕೊಟ್ಟೆವು. ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ. ಆಮೇಲೆ ಅವರು ಕೆಲಸದವರ ಲೈನ್ ಮನೆಯಲ್ಲಿ ಎರಡು ತಿಂಗಳು ಮಲಗಿದ್ದರು. ನಾನು ಹೋಗಿ ಏನಂದೆ ಗೊತ್ತಾ? ರೆಸ್ಟ್ ಮಾಡಿ ಅಂದೆ.

ಈಗ ಅವರ ಪಾದ ಗಡುಸು. ಇಳಿಜಾರಿನಲ್ಲಿ ಓರೆಯಾಗಿ ಕಾಲು ಹಾಕುತ್ತಾರೆ. ನನ್ನ ಮಂಡಿ 110ಕ್ಕೆ ಬಂದ ಮೇಲೆ, ನವೆಂಬರಿನಲ್ಲಿ, ಅವರನ್ನೂ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದೆ. ಪಾದ ಪೂರ್ತಿ ಮೊದಲಿನ ಹಾಗೆ ಆಗಲ್ಲ, ಮೀನಖಂಡಕ್ಕೆ ಬಲ ಬಂದರೆ ನಡಿಗೆ ಸುಧಾರಿಸುತ್ತೆ ಅಂದರು ಫಿಸಿಯೋಥೆರಪಿಸ್ಟ್. ಬೆಳಗ್ಗೆ ಏಳಕ್ಕೆ ನಮ್ಮ ಜಗಲಿಯ ಕಂಬ ಹಿಡಿದು ಇಬ್ಬರೂ ಹಿಮ್ಮಡಿ ಎತ್ತಿ ಇಳಿಸಲು ಶುರುಮಾಡಿದೆವು. ಅವರೇ ಜೋರಾಗಿ ಎಣಿಸುವವರು.

ಒಂದು ವಾರ ಬಂದರು. ಕಾಫಿ ಕೊಯ್ಲು ಶುರುವಾಯಿತು, ಬರೋದು ನಿಂತಿತು. ಕೇಳಿದರೆ, "ಕೊಯ್ದ ಕೇಜಿ ಲೆಕ್ಕಕ್ಕೆ ಕೂಲಿ ಅಲ್ವಾ ಅಕ್ಕ, ಅರ್ಧ ಗಂಟೆ ಹೋದ್ರೆ ಹೋಯ್ತು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಕ್ಸರ್ಸೈಜ್ ಮಾಡಿದ್ದಕ್ಕೂ ದುಡ್ಡು ಕೊಡಿ ಅಂತ ಸಂಜೆ ನಮ್ಮನೆಯವರಿಗೆ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು, "ಚೆಕ್‌ರೋಲಿನಲ್ಲಿ ಏನಂತ ಬರೀಲಿ?" ಅಂದರು. ಚೆಕ್‌ರೋಲ್ ಅಂದರೆ ತೋಟದ ಹಾಜರಿ ಪುಸ್ತಕ. "ಕಾಲು ಅಂತ ಬರೀರಿ" ಅಂದೆ.

ಶನಿವಾರ ಬಟವಾಡೆಯ ಹೊತ್ತಿಗೆ ನೋಡಿದರೆ ದಿನಕ್ಕೆ ಕಾಲು ಹಾಜರಿ ಅಂತ ಬರೆದಿದ್ದಾರೆ. ನಾನೂ ತಿದ್ದಲು ಹೋಗಲಿಲ್ಲ.