ಸತ್ಯಾಂಶ: ‘ಹ್ಯಾಂಡಿಕ್ಯಾಪ್’ ಭಿಕ್ಷೆಯ ಟೋಪಿಯಿಂದ ಬಂದದ್ದಲ್ಲ

ಚಿಕ್ಕಬಳ್ಳಾಪುರದ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಇಂಗ್ಲೆಂಡಿನ ರಾಜನೊಬ್ಬ ಟೋಪಿ ಹಿಡಿದು ಬೇಡಲು ಅನುಮತಿ ಕೊಟ್ಟ, ಅಂಗವೈಕಲ್ಯವನ್ನು ಸೂಚಿಸುವ ‘ಹ್ಯಾಂಡಿಕ್ಯಾಪ್’ ಎಂಬ ಇಂಗ್ಲಿಷ್ ಪದ ಹುಟ್ಟಿದ್ದು ಹಾಗೆ ಎಂದು. ಇದು ಕಟ್ಟುಕಥೆ. ಗಾಲಿಕುರ್ಚಿಯಲ್ಲಿ ಬರುವ ಮಗುವಿನ ಮುಂದೆ ಇದನ್ನೇ ಪಾಠವಾಗಿ ಹೇಳುವುದಂತೂ ನೋವಿನ ಸಂಗತಿ.

ಪದದ ಮೂಲ 17ನೇ ಶತಮಾನದ ‘ಹ್ಯಾಂಡ್ ಇನ್ ಕ್ಯಾಪ್’ (ಟೋಪಿಯೊಳಗೆ ಕೈ) ಎಂಬ ಆಟ. ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಬೆಲೆಯ ವ್ಯತ್ಯಾಸವನ್ನು ಮೂರನೆಯವನು ನಿರ್ಧರಿಸುತ್ತಿದ್ದ. ಪಣದ ಹಣ ಟೋಪಿಯಲ್ಲಿರುತ್ತಿತ್ತು. ಇಬ್ಬರೂ ಅದರೊಳಗೆ ಕೈಯಿಟ್ಟು ಹೊರತೆಗೆಯುವ ರೀತಿಯಲ್ಲೇ ಒಪ್ಪಿಗೆಯೋ ನಿರಾಕರಣೆಯೋ ತಿಳಿಯುತ್ತಿತ್ತು.

18ನೇ ಶತಮಾನದಲ್ಲಿ ಪದ ಕುದುರೆ ಪಂದ್ಯಕ್ಕೆ ಬಂತು. ಅಲ್ಲಿ ಪೈಪೋಟಿ ಸಮವಾಗಲೆಂದು ಹೆಚ್ಚುವರಿ ತೂಕ ಹೊರುತ್ತಿದ್ದುದು ಬಲಶಾಲಿ ಕುದುರೆ. ಅಂಗವೈಕಲ್ಯಕ್ಕೆ ಈ ಪದ ಅಂಟಿಕೊಂಡದ್ದು 20ನೇ ಶತಮಾನದ ಆರಂಭದಲ್ಲಷ್ಟೇ.