ಬೀನ್ ನೋಡಿದರೆ ಚಿಕಾಗೋ ನೋಡಿದ ಹಾಗಾ?

ಇವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಡೆದದ್ದು. ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪುರುಸೊತ್ತಿದ್ದವರು ಓದಿ.

ಮಿಲೆನಿಯಂ ಪಾರ್ಕಿನಲ್ಲಿ ಆ ಕನ್ನಡಿಯಂಥ ದೊಡ್ಡ ಉಕ್ಕಿನ ಕಾಳು ಇದೆಯಲ್ಲ, ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ್ದು, ಎಲ್ಲರೂ ಬೀನ್ ಅನ್ನುತ್ತಾರೆ. (ನನ್ನ ಕಣ್ಣಿಗೆ ಅದು ಹಿಸುಕಿದ ಅವರೆಕಾಳು.) ಅದರ ಹತ್ತಿರ ಕೂತು ಮನೆಯಿಂದ ತಂದ ಚಪಾತಿ ತಿನ್ನುತ್ತಿದ್ದೆ. ಕನ್ನಡ ಕೇಳಿಸಿತು. ಗಂಡ, ಹೆಂಡತಿ, ಒಂದು ಮಗು, ಜೊತೆಗೊಬ್ಬರು ಅಜ್ಜಿ. ಸೀರೆಯ ಮೇಲೆ ಜರ್ಕಿನ್. ಮಗನದ್ದೇ ಇರಬೇಕು, ತೋಳು ಎರಡು ಸಲ ಮಡಚಿದ್ದರು. ಕಾಲಿಗೆ ಹೊಸ ಬಿಳಿ ಶೂ.

"ಅಮ್ಮ, ಇಲ್ಲಿ ನಿಂತ್ಕೋ. ಅಲ್ಲಲ್ಲ, ಇಲ್ಲಿ. ಮೇಲೆ ನೋಡು. ನಗು." ಮೂರು ಫೋಟೋ. ಒಂದು ಸೆಲ್ಫಿ. ಮುಗಿಯಿತು.

ಆಮೇಲೆ ನಾನು ಎದ್ದು ಮಿಷಿಗನ್ ಅವೆನ್ಯೂ ಕಡೆ ಹೊರಟೆ. ಮನ್ರೋ ರಸ್ತೆಯ ಸಿಗ್ನಲ್‌ನಲ್ಲಿ ಮತ್ತೆ ಅವರೇ. ಅಜ್ಜಿ ಕೈ ತೋರಿಸಿ ಕೇಳಿದರು: "ಅದ್ಯಾವ ಬಿಲ್ಡಿಂಗೋ, ಸಿಂಹ ಇರೋದು?" ಮಗ ಫೋನಿನಿಂದ ತಲೆ ಎತ್ತಲಿಲ್ಲ. "ಅದ್ಯಾವ್ದೋ ಮ್ಯೂಸಿಯಂ ಅಮ್ಮ. ಪಾರ್ಕಿಂಗ್ ಟೈಮ್ ಆಯ್ತು, ಬಾ."

ಅದ್ಯಾವ್ದೋ ಮ್ಯೂಸಿಯಂ!

ಸ್ವಾಮಿ, ಅದು ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಎದ್ದು ನಿಂತು ಮಾತಾಡಿದ್ದು ಅದೇ ಕಟ್ಟಡದಲ್ಲಿ. ಇವರ ಊರಿನ ಮನೆಯ ಹಾಲ್‌ನಲ್ಲಿ ಕೈಕಟ್ಟಿ ನಿಂತ ಆ ಫೋಟೋ ಇಲ್ಲದೆ ಇರುತ್ತದಾ? ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ "ಅಮೆರಿಕದ ಸೋದರಿಯರೇ, ಸೋದರರೇ" ಅಂತ ಬಾಯಿಪಾಠ ಮಾಡಿ ಸ್ಟೀಲ್ ಲೋಟ ಗೆದ್ದವನೇ ಇರಬಹುದು ಆ ಮಗ. ಎದುರಿಗೆ ಬಂದಾಗ ಅದ್ಯಾವ್ದೋ ಮ್ಯೂಸಿಯಂ. ಒಳಗೆ ಹೋಗಲು ಟಿಕೆಟ್ ದುಬಾರಿ, ಒಪ್ಪುತ್ತೇನೆ. ಹೊರಗೆ ಅವರ ಹೆಸರಿನ ಬೋರ್ಡ್ ನೋಡಲು ಕಾಸು ಕೊಡಬೇಕಾ?

ಹೌದು, ರಸ್ತೆಯ ಆ ತುಂಡಿಗೆ ವಿವೇಕಾನಂದರ ಹೆಸರಿದೆ. ಕಂದು ಬಣ್ಣದ ಬೋರ್ಡ್. ಈ ಊರಿನಲ್ಲಿ ಹಸಿರು ಬೋರ್ಡ್ ಅಂದರೆ ನಿಜವಾದ ವಿಳಾಸ, ಕಂದು ಅಂದರೆ ಗೌರವಕ್ಕೆ ಇಟ್ಟ ಹೆಸರು. ಕಾಗದ ಹಾಕುವುದಾದರೆ ಹಸಿರು ಬೋರ್ಡ್ ನೋಡಿಯೇ ಬರೆಯಬೇಕು. ನನಗೆ ಇಂಥದ್ದೇ ಮೊದಲು ಕಣ್ಣಿಗೆ ಬೀಳುವುದು ಅಂತ ನಿಮಗೆಲ್ಲ ಗೊತ್ತು. ಅಂಚೆ ಇಲಾಖೆಯಲ್ಲಿ 32 ವರ್ಷ ಸಾರ್ಟಿಂಗ್ ಮಾಡಿದವಳು ಇನ್ನೇನು ನೋಡುತ್ತಾಳೆ.

ಒಂದು ಮಾತು ಹೇಳಲೇಬೇಕು. ಈ ಊರಿನ ಮನೆ ನಂಬರು ಇದೆಯಲ್ಲ, ಅದನ್ನು ಅರ್ಥ ಮಾಡಿಕೊಂಡ ದಿನ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಉತ್ಪ್ರೇಕ್ಷೆ ಅಲ್ಲ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಸೇರುವ ಮೂಲೆಯೇ ಸೊನ್ನೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಎಣಿಕೆ ಶುರು. ಹೆಚ್ಚಿನ ಕಡೆ ಒಂದು ಮೈಲಿಗೆ 800 ನಂಬರ್. 1600 ನಾರ್ತ್ ಅಂದರೆ ಸೊನ್ನೆಯಿಂದ ಉತ್ತರಕ್ಕೆ ಎರಡು ಮೈಲಿ, ಅಷ್ಟೇ. ಸಮಸಂಖ್ಯೆ ರಸ್ತೆಯ ಉತ್ತರ, ಪಶ್ಚಿಮದ ಪಕ್ಕ. ಬೆಸಸಂಖ್ಯೆ ದಕ್ಷಿಣ, ಪೂರ್ವದ ಪಕ್ಕ. ಮೊದಲು ಇಲ್ಲೂ ಎಲ್ಲ ಕಲಸುಮೇಲೋಗರವೇ ಆಗಿತ್ತಂತೆ. 1909ರಲ್ಲಿ ಹೆಚ್ಚುಕಡಿಮೆ ಇಡೀ ಊರಿಗೆ ಹೊಸ ನಂಬರ್ ಹಾಕಿದರು. ಎಡ್ವರ್ಡ್ ಬ್ರೆನನ್ ಅನ್ನುವವರು ವರ್ಷಗಟ್ಟಲೆ ಬೆನ್ನು ಹತ್ತಿ ಮಾಡಿಸಿದ್ದು. ನಾನು ಬದುಕಿಡೀ "ಬೇವಿನ ಮರದ ಹತ್ತಿರ, ಹಳೇ ಹಿಟ್ಟಿನ ಗಿರಣಿ ಎದುರು, ಶಂಕರಪ್ಪನವರ ಮನೆ ಮಹಡಿ" ಅಂತ ಓದಿದವಳು. ಆ ಪುಣ್ಯಾತ್ಮ ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಇನ್ನೊಂದು ಗೊತ್ತಾ? ವಿವೇಕಾನಂದರು ಇಲ್ಲಿಗೆ ಬಂದಾಗ ಹೋಗಬೇಕಾದ ಸಮ್ಮೇಳನದ ಕಚೇರಿಯ ವಿಳಾಸವನ್ನೇ ಕಳೆದುಕೊಂಡಿದ್ದರು. ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ರಾತ್ರಿ ರೈಲ್ವೆ ಯಾರ್ಡಿನಲ್ಲಿ ಮಲಗಿದರು. ಮರುದಿನ ಅಲೆದು ಅಲೆದು ಸುಸ್ತಾಗಿ ರಸ್ತೆ ಬದಿ ಕೂತಾಗ ಎದುರು ಮನೆಯ ಶ್ರೀಮತಿ ಹೇಲ್ ಬಂದು ಒಳಗೆ ಕರೆದುಕೊಂಡು ಹೋದರು. ಹಿಂದಿನ ವರ್ಷ ಮೈಸೂರಿನಲ್ಲಿ ಮಹಾರಾಜರ ಅತಿಥಿಯಾಗಿದ್ದ ಮನುಷ್ಯ! ನಡೆದು ನಡೆದು ಸುಸ್ತಾದವರಿಗೇ ಈ ಊರು ಬಾಗಿಲು ತೆಗೆದದ್ದು. ಪಾರ್ಕಿಂಗ್ ಟೈಮ್ ನೋಡುವವರಿಗಲ್ಲ.

ಸರಿ, ಕಾಮೆಂಟಿನಲ್ಲಿ ನೀವು ಹೇಳುವುದು ಗೊತ್ತು. "ಮಕ್ಕಳಿಗೆ ರಜೆ ಎಲ್ಲಿರುತ್ತೆ ಆಂಟಿ, ವಾರವಿಡೀ ದುಡಿತಾರೆ." ಪಾಪ, ನಿಜ. ಆದರೆ ಅದೇ ಮಕ್ಕಳು ಔಟ್‌ಲೆಟ್ ಮಾಲ್‌ನಲ್ಲಿ ಐದು ಗಂಟೆ ನಿಲ್ಲಿಸುತ್ತಾರಲ್ಲ? ನನ್ನ ಮೊಣಕಾಲಿಗೆ ಗೊತ್ತು ಆ ಐದು ಗಂಟೆ. "ಸಿಟಿ ಡೇಂಜರ್" ಅನ್ನುವುದು ಇನ್ನೊಂದು. ಇಲ್ಲಿ ಗುಂಡು ಹಾರುವುದು ಸುಳ್ಳಲ್ಲ. ದಕ್ಷಿಣ, ಪಶ್ಚಿಮದ ಕೆಲವು ಬಡಾವಣೆಯವರ ಪಾಡು ಯಾರಿಗೂ ಬೇಡ. ಹಾಗಂತ ಹಾಡಹಗಲಲ್ಲಿ, ಸಾವಿರ ಜನರ ನಡುವೆ ಮಿಷಿಗನ್ ಅವೆನ್ಯೂ ದಾಟಲೂ ಭಯವಾ? ಮೆಜೆಸ್ಟಿಕ್‌ನಲ್ಲಿ ಬ್ಯಾಗ್ ಎದೆಗೆ ಅವುಚಿಕೊಂಡು ಬಸ್ ಹತ್ತಿದವರು ನಾವು. ಇಲ್ಲೂ ಹಾಗೇ ಅವುಚಿಕೊಳ್ಳುತ್ತೇನೆ. ಮುಗೀತಲ್ಲ.

ನಾನು ಬರುವುದು ಮೆಟ್ರಾ ರೈಲಿನಲ್ಲಿ. ಚಿಕಾಗೋ ಹೊರವಲಯದ ನೇಪರ್‌ವಿಲ್‌ನಲ್ಲಿ ಹತ್ತಿದರೆ ಸುಮಾರು ಒಂದು ಗಂಟೆಗೆ ಯೂನಿಯನ್ ಸ್ಟೇಷನ್. ಅಲ್ಲಿಂದ ಸೀದಾ ಪೂರ್ವಕ್ಕೆ ನಡಿಗೆ. ನದಿ ದಾಟಬೇಕು. ಆ ನದಿಯ ಕಥೆ ಕೇಳಿದ್ದೀರಾ? ಊರಿನ ಕೊಳಕೆಲ್ಲ ಕುಡಿಯುವ ನೀರಿನ ಸರೋವರಕ್ಕೆ ಸೇರುತ್ತದೆ ಅಂತ 1900ರಲ್ಲಿ ಕಾಲುವೆ ತೋಡಿ ನದಿಯನ್ನೇ ಹಿಂದಕ್ಕೆ ಹರಿಸಿದರು. ಆಮೇಲೆ ವಾಬಾಶ್ ರಸ್ತೆ. ತಲೆ ಮೇಲೆ ರೈಲು ಓಡುತ್ತದೆ, 1890ರ ದಶಕದ ಉಕ್ಕಿನ ಕಂಬಗಳ ಮೇಲೆ. ರೈಲು ಬಂದರೆ ಮಾತಾಡುತ್ತಿದ್ದವರೆಲ್ಲ ಅರ್ಧಕ್ಕೆ ನಿಲ್ಲಿಸಿ ಕಾಯುತ್ತಾರೆ. ಹೋದ ಮೇಲೆ ಅದೇ ವಾಕ್ಯದಿಂದ ಮುಂದುವರಿಸುತ್ತಾರೆ! ಇದನ್ನು ಕಾರಿನ ಗಾಜು ಏರಿಸಿಕೊಂಡು ಕೂತವರು ಎಲ್ಲಿ ನೋಡಬೇಕು.

(ಬೀನ್‌ಗೆ ಹೋಗುವವರಿಗೆ: ರಸ್ತೆ ಆಚೆ ಕಲ್ಚರಲ್ ಸೆಂಟರ್ ಇದೆ. 1897ರಲ್ಲಿ ಲೈಬ್ರರಿ ಅಂತ ಕಟ್ಟಿದ್ದು. ಬಣ್ಣದ ಗಾಜಿನ ಗುಮ್ಮಟ ನೋಡಿದರೆ ಬಾಯಿ ಮುಚ್ಚುವುದಿಲ್ಲ. ಪ್ರವೇಶ ಫ್ರೀ. ಮುಖ್ಯವಾಗಿ, ಟಾಯ್ಲೆಟ್ ಇದೆ. ನಮ್ಮ ವಯಸ್ಸಿನವರಿಗೆ ಇದೂ ಪ್ರವಾಸಿ ತಾಣವೇ.)

ಆ ಎತ್ತರದ ಟವರ್‌ಗಾದರೂ ಹೋಗುತ್ತಾರಲ್ಲ, ಮೊದಲು ಸಿಯರ್ಸ್, ಈಗ ವಿಲ್ಲಿಸ್. 103ನೇ ಮಹಡಿಯಲ್ಲಿ ಗಾಜಿನ ನೆಲದ ಮೇಲೆ ನಿಂತು ಕಿರುಚಿ ವಿಡಿಯೋ ಹಾಕುತ್ತಾರೆ. ಅದರ ಲೆಕ್ಕ ಹಾಕಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಢಾಕಾದಲ್ಲಿ ಹುಟ್ಟಿದವರು ಅಂತ ಎಷ್ಟು ಜನರಿಗೆ ಗೊತ್ತು? ಒಂಬತ್ತು ಚೌಕದ ಕೊಳವೆಗಳನ್ನು ಊದುಬತ್ತಿ ಕಟ್ಟಿನ ಹಾಗೆ ಒತ್ತಾಗಿ ನಿಲ್ಲಿಸಿದರು. ಕೆಲವು ಮಧ್ಯಕ್ಕೇ ನಿಲ್ಲುತ್ತವೆ, ಎರಡು ಮಾತ್ರ ತುದಿಯವರೆಗೂ ಹೋಗುತ್ತವೆ. ಒಂದನ್ನೊಂದು ಹಿಡಿದುಕೊಂಡಿರುವುದರಿಂದಲೇ ಆ ಗಾಳಿಯಲ್ಲಿ 110 ಮಹಡಿ ನಿಂತಿದೆ.

ಈಗ ತಪ್ಪೊಪ್ಪಿಗೆ. 2016ರಲ್ಲಿ ನಾನು ಮೊದಲ ಸಲ ಬಂದಾಗ ಏನು ಮಾಡಿದೆ? ಅದೇ. ಬೀನ್, ಟವರ್, ಒಂದು ಪಿಜ್ಜಾ, ವಾಪಸ್. ಎರಡು ತಿಂಗಳು ಮಗಳ ಮನೆ ಸೋಫಾ ಮೇಲೆ ಕೂತು ಧಾರಾವಾಹಿ ನೋಡಿದೆ. "ಚಿಕಾಗೋ ಮುಗಿಸಿದೆ" ಅಂತ ಇಲ್ಲೇ ಪೋಸ್ಟ್ ಹಾಕಿದ್ದೆ, ಇನ್ನೂ ಇದೆ, ಹುಡುಕಿ ನಗಬೇಡಿ. ನೀವೂ ಲೈಕ್ ಒತ್ತಿದ್ದೀರಿ.

ಇನ್ನೂ ಒಂದಿದೆ. ಇಷ್ಟೆಲ್ಲ ಬರೆದವಳು ಬೆಳಿಗ್ಗೆ ಆ ಸಿಗ್ನಲ್‌ನಲ್ಲಿ ಬಾಯಿ ಬಿಡಲಿಲ್ಲ. ಅಜ್ಜಿ ಒಂದು ಮಾರು ದೂರದಲ್ಲಿದ್ದರು. "ವಿವೇಕಾನಂದರು ಮಾತಾಡಿದ ಜಾಗ ಅಮ್ಮಾ" ಅನ್ನಬಹುದಿತ್ತು. ಮಗನ ಮುಖ ನೋಡಿ ಸುಮ್ಮನಾದೆ. ಅವರು ದಾಟಿ ಹೋದರು. ಅಜ್ಜಿ ಎರಡು ಸಲ ತಿರುಗಿ ಸಿಂಹ ನೋಡಿದರು.

ನಾನು ಹೋಗಿ ಆ ಸಿಂಹಗಳ ಹತ್ತಿರ ಮೆಟ್ಟಿಲ ಮೇಲೆ ಕೂತೆ. ಮಗಳ ಫೋನ್ ಬಂತು. "ಎಲ್ಲಿದ್ದೀಯಮ್ಮಾ? ಒಬ್ಬಳೇ ಅಲೀಬೇಡ ಅಂದಿದ್ನಲ್ಲ."

"111 ಸೌತ್ ಮಿಷಿಗನ್. ರಸ್ತೆಯ ಪೂರ್ವದ ಪಕ್ಕ."

"ಅದೆಲ್ಲಿ ಬರುತ್ತೆ?" ಅಂದಳು. ಇವಳು ಇಲ್ಲಿಗೆ ಬಂದು 11 ವರ್ಷವಾಯಿತು.